ಎರಡು ವರ್ಷ ಎಐ ಜೊತೆ ಸಂದರ್ಶನಗಳನ್ನು ಓದಿದ ಮೇಲೆ

ಹುಬ್ಬಳ್ಳಿ-ಧಾರವಾಡದ 34 ತಂದೆ ತಾಯಂದಿರ ಸಂದರ್ಶನವೇ ನನ್ನ ಪಿಎಚ್‌ಡಿಯ ಬಂಡವಾಳ. ಮನೆಯಲ್ಲಿ ಯಾವ ಭಾಷೆ, ಮಕ್ಕಳು ಯಾವ ಮೀಡಿಯಂ, ಯಾಕೆ? ಪ್ರಶ್ನೆ ಇಷ್ಟೇ, ಉತ್ತರ ಮಾತ್ರ 600 ಪುಟ. ಎಲ್ಲಕ್ಕೂ ಕೈಯಲ್ಲೇ ಕೋಡ್ (ಪ್ರತಿ ಮಾತು ಯಾವುದರ ಬಗ್ಗೆ ಎಂದು ಹೇಳುವ ಚಿಕ್ಕ ಹೆಸರುಚೀಟಿ) ಹಾಕಲು ಪುರುಸೊತ್ತಿಲ್ಲದೆ, ಎಐ ಇರುವ ಸಾಫ್ಟ್‌ವೇರ್ ಒಂದರ ವಿದ್ಯಾರ್ಥಿ ಲೈಸೆನ್ಸ್ ತೆಗೆದುಕೊಂಡೆ. ಹೆಸರು ಇಲ್ಲಿ ಬೇಡ.

ಮೊದಲ ದಿನ 5 ಸಂದರ್ಶನ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ 212 ಕೋಡ್! ‘ಶಿಕ್ಷಣ’, ‘ಶಿಕ್ಷಣದ ಭಾಷೆ’, ‘ಭಾಷಾ ಶಿಕ್ಷಣ’, ‘ಕನ್ನಡ ಶಿಕ್ಷಣ’... ಇವನ್ನೆಲ್ಲ ಕೂಡಿಸಲು ಒಂದು ವಾರ ಹಿಡಿಯಿತು. ಅದೇ ಫೈಲ್ ಮತ್ತೆ ಕೊಟ್ಟರೆ ಬೇರೆಯೇ ಕೋಡ್. ಈಗ ನಾನೇ ಮೊದಲು ನಾಲ್ಕೈದು ಸಂದರ್ಶನ ಓದಿ, 18 ಕೋಡ್‌ಗಳನ್ನು ವಿವರಣೆ ಸಮೇತ ಬರೆದುಕೊಡುತ್ತೇನೆ. ಆಗ ಪರವಾಗಿಲ್ಲ.

ನಿಜವಾದ ತೊಂದರೆ ಆಡುಮಾತಿನದು. ಒಬ್ಬ ತಾಯಿ ಹೇಳಿದ್ದು: “ಅಲ್ರೀ, ಕನ್ನಡ ಬ್ಯಾಡ ಅಂತ ಯಾರ್ ಅಂದಾರ್ರೀ?” ಇದಕ್ಕೆ ಬಿದ್ದ ಕೋಡ್ ‘ಕನ್ನಡ ನಿರಾಕರಣೆ’. ‘ಬ್ಯಾಡ’ ಕಂಡಿತು, ಪ್ರಶ್ನೆಯ ಧಾಟಿ ಕಾಣಲಿಲ್ಲ. ಇನ್ನೊಬ್ಬರು “ಭಾಳ ಛಲೋ ಕಲಸ್ತಾರ್ ಬಿಡ್ರಿ, ಮೂರ್ ವರ್ಷ ಆತು, ಹೆಸರ್ ಬರ್ಯಾಕ್ ಬರಂಗಿಲ್ಲ” ಅಂದರೆ ‘ಶಾಲೆಯ ಬಗ್ಗೆ ತೃಪ್ತಿ’. ನನ್ನ ವಿಷಯ ಅಡಗಿರುವುದೇ ಈ ‘ಅಲ್ರೀ’, ‘ಬಿಡ್ರಿ’ಗಳಲ್ಲಿ ಅಲ್ವಾ? ಶಿಷ್ಟ ಕನ್ನಡಕ್ಕೆ ತಿದ್ದಿ ಕೊಟ್ಟೂ ನೋಡಿದೆ. ತಪ್ಪು ಕಡಿಮೆಯಾಯಿತು. ಜೊತೆಗೆ ಆ ‘ಬಿಡ್ರಿ’ಗಳೂ ಹೋದವು.

ಒಮ್ಮೆ ಆ ಸಾಫ್ಟ್‌ವೇರಿನ ಚಾಟ್ ಕೊಟ್ಟ ಒಂದು ಚೆಂದದ ಉದ್ಧರಣೆ ನನ್ನ ಅಧ್ಯಾಯದ ಕರಡಿನವರೆಗೂ ಹೋಗಿತ್ತು. ಪುಟ ಸಂಖ್ಯೆ ಹಾಕಲು ಹುಡುಕಿದರೆ ಆ ಮಾತನ್ನು ಯಾರೂ ಆಡಿಯೇ ಇಲ್ಲ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಮೂಲದಲ್ಲಿ ಹುಡುಕಿ ಸಿಗದ ಯಾವ ಸಾಲೂ ನನ್ನ ಬರಹಕ್ಕೆ ಬರುವುದಿಲ್ಲ.

ಎಐ ಬಳಸಿದಷ್ಟೂ ಕರಗುವ ಕ್ರೆಡಿಟ್ಟೂ ಬೇಗ ಖಾಲಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಜಾಗ ಸಾಕು. ಕನ್ನಡದ ‘ಕ’ಗೆ 3, ‘ಕ್ಷಿ’ಗೆ 12. ಎಐ ಮಾದರಿಗಳು ಪಠ್ಯವನ್ನು ಚೂರು ಮಾಡಿ ಓದುವಾಗ ಕನ್ನಡಕ್ಕೆ ಚೂರುಗಳು ಜಾಸ್ತಿ, ನಮಗೆ ಬಿಲ್ಲೂ ಜಾಸ್ತಿ.

ಹಾಗಾದರೆ ಯಾಕೆ ಬಿಟ್ಟಿಲ್ಲ? ಅತ್ತೆಯ ಕಾರಣಕ್ಕೆ. “ಮನೆಯಲ್ಲಿ ಕನ್ನಡ ಯಾವಾಗ ಆಡುತ್ತಾರೆ” ಎಂದು ಆ ಸಾಫ್ಟ್‌ವೇರನ್ನು ಕೇಳಿದಾಗ, ಬೇರೆ ಬೇರೆ ಕಡೆ ಚದುರಿದ್ದ 7 ತಾಯಂದಿರ ಮಾತನ್ನು ಒಂದೆಡೆ ತಂದಿಟ್ಟಿತು. ಎಲ್ಲರದ್ದೂ ಒಂದೇ ಮಾತು: ಅತ್ತೆ ಮನೆಯಲ್ಲಿದ್ದರೆ ಮಕ್ಕಳ ಜೊತೆ ಕನ್ನಡ, ಊರಿಗೆ ಹೋದರೆ ಇಂಗ್ಲಿಷ್. ಎರಡು ಸಲ ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಏಳನ್ನೂ ಮೂಲದಲ್ಲಿ ನೋಡಿದೆ. ಎಲ್ಲವೂ ಸರಿಯಾಗಿದ್ದವು.

ಇಂಥ ಸಾಫ್ಟ್‌ವೇರ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಸಂದರ್ಶನ ಕೊಟ್ಟವರಿಂದ ನೀವು ಪಡೆದ ಒಪ್ಪಿಗೆ ಪತ್ರದಲ್ಲಿ, ಅವರ ಮಾತು ಹೊರಗಿನ ಸರ್ವರ್‌ಗೆ ಹೋಗುತ್ತದೆ ಎಂದು ಬರೆದಿದೆಯಾ ನೋಡಿ. ನನ್ನದರಲ್ಲಿ ಇರಲಿಲ್ಲ. 34 ಮನೆಗೂ ಮತ್ತೆ ಹೋಗಿ ಕೇಳಿದೆ. ಮೂವರು ಬೇಡ ಅಂದರು. ಅವರ ಸಂದರ್ಶನಗಳಿಗೆ ಈಗಲೂ ಪೆನ್ಸಿಲಿನಲ್ಲೇ ಕೋಡ್ ಹಾಕುತ್ತಿದ್ದೇನೆ.