ಪ್ಲೇ ರೀಚಾರ್ಜ್ ಕೋಡ್: ರೂಪಾಯಿದು ಸಲೀಸು, ಡಾಲರ್‌ದು ಬರೀ ಚೀಟಿ

ಹುಡುಗರ ಫೋನಿಗೆ ಬ್ಯಾಂಕ್ ಕಾರ್ಡ್ ಜೋಡಿಸಲು ಹೆದರುವ ಮನೆಗಳಿಗೆ, ಆ್ಯಪ್, ಆಟಗಳ ಖರ್ಚಿಗೆ ಮೊದಲೇ ಹಣ ತುಂಬುವ ಗೂಗಲ್ ಪ್ಲೇ ರೀಚಾರ್ಜ್ ಕೋಡ್ ಹೇಳಿ ಮಾಡಿಸಿದ್ದು. ಯುಪಿಐ ಆ್ಯಪ್‌ನಲ್ಲಿ ₹100 ಕಟ್ಟಿದರೆ ಕೋಡ್ ಬರುತ್ತದೆ. ಅದನ್ನು ಕಾಪಿ ಮಾಡಿ ಪ್ಲೇ ಸ್ಟೋರ್ ತೆರೆಯಿರಿ, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್‌ನೊಳಗೆ ರಿಡೀಮ್ ಕೋಡ್‌ಗೆ ಹೋಗಿ ಪೇಸ್ಟ್ ಮಾಡಿ. ಬಳ್ಳಾರಿಯ ಯಾವ ಬಂಡಿಯಲ್ಲಾದರೂ ಒಗ್ಗರಣಿ-ಮಿರ್ಚಿ ಪ್ಲೇಟ್ ಕೈಗೆ ಬರುವಷ್ಟರಲ್ಲಿ ಬ್ಯಾಲೆನ್ಸ್ ಕೂತಿರುತ್ತದೆ. ಬೇರೆ ಪಾವತಿ ವಿಧಾನ ಜೋಡಿಸದಿದ್ದರೆ, ಹುಡುಗ ಆಟದೊಳಗೆ ಎಷ್ಟೇ ಡೈಮಂಡ್ ಕೊಂಡರೂ ಹೋಗುವುದು ಆ ನೂರೇ.

ತಕರಾರು ಇರುವುದು ಹೊರದೇಶದ ಗಿಫ್ಟ್ ಕಾರ್ಡಿನದು. ಅಮೆರಿಕದಲ್ಲಿರುವ ಅಳಿಯ ಪ್ರೀತಿಯಿಂದ 25 ಡಾಲರ್ ಕೋಡ್ ಕಳಿಸಿದರೂ ಕೊಪ್ಪಳದ ಖಾತೆ ಅದನ್ನು ನುಂಗುವುದಿಲ್ಲ. ಡಾಲರ್ ರೂಪಾಯಿಗೆ ತಿರುಗುವ ವ್ಯವಸ್ಥೆಯೇ ಇಲ್ಲಿಲ್ಲ. ಕಾರ್ಡಿನ ದೇಶವೂ ಖಾತೆಯ ದೇಶವೂ ಒಂದೇ ಆಗಿರಬೇಕು. ಖಾತೆಯ ದೇಶ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್, ಜನರಲ್, ಅಕೌಂಟ್ ಆ್ಯಂಡ್ ಡಿವೈಸ್ ಪ್ರಿಫರೆನ್ಸಸ್‌ನಲ್ಲಿ ಕಾಣುತ್ತದೆ. ಬೇರೆ ದೇಶದಲ್ಲಿದ್ದಂತೆ ತೋರಿಸುವ ವಿಪಿಎನ್ ಹಾಕಿದ ಮಾತ್ರಕ್ಕೆ ಅದು ಬದಲಾಗದು. ಹೊಸ ದೇಶದಲ್ಲೇ ಇದ್ದು ಅಲ್ಲಿನ ಪಾವತಿ ವಿಧಾನ ಸೇರಿಸಿದರೆ ಮಾತ್ರ ಬದಲಾವಣೆ, ಅದೂ ವರ್ಷಕ್ಕೆ ಒಂದೇ ಸಲ. ಹಾಗೆ ಬದಲಾಯಿಸಿದರೆ ಹಳೆಯ ರೂಪಾಯಿ ಬ್ಯಾಲೆನ್ಸ್ ಅಲ್ಲಿ ಕೆಲಸಕ್ಕೆ ಬಾರದು. 25 ಡಾಲರಿಗಾಗಿ ಈ ಗೋಳು ಬೇಡ. ತಿರಸ್ಕೃತವಾದ ಕೋಡ್ ಖರ್ಚಾಗಿರುವುದಿಲ್ಲ, ಅಳಿಯನೇ ತನ್ನ ಖಾತೆಗೆ ಹಾಕಿಕೊಳ್ಳಲಿ. ಆ್ಯಪಲ್ ಇನ್ನೂ ಬಿಗಿ: ಬ್ಯಾಲೆನ್ಸ್ ಪೂರ್ತಿ ಮುಗಿಸದೆ ದೇಶ ಬದಲಿಸಲು ಬಿಡುವುದೇ ಇಲ್ಲ. ಅಮೆಜಾನ್ ಅಮೆರಿಕದ ಕಾರ್ಡ್ ಕೂಡ ಅಮೆಜಾನ್ ಇಂಡಿಯಾದಲ್ಲಿ ನಡೆಯದು.

ಈ ಗೊಂದಲದಲ್ಲೇ ಕಳ್ಳರು ಅಂಗಡಿ ಇಡುತ್ತಾರೆ. ಟೆಲಿಗ್ರಾಂನಲ್ಲಿ ‘₹1000 ಕೋಡ್ ₹600ಕ್ಕೆ’ ಎಂದರೆ ಎರಡರಲ್ಲಿ ಒಂದು: ಒಂದೇ ಕೋಡ್ ನಾಲ್ವರಿಗೆ ಮಾರಿರುತ್ತಾರೆ, ಮೊದಲು ಒತ್ತಿದವನಿಗೆ ಹಣ, ಇಲ್ಲವೇ ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು, ಮಾಲೀಕ ದೂರು ಕೊಟ್ಟ ಮೇಲೆ ನಿಮ್ಮ ಬ್ಯಾಲೆನ್ಸೇ ರದ್ದಾಗಬಹುದು. ಸಾಹೇಬರ ಫೋಟೊ ಹಾಕಿಕೊಂಡ ಹೊಸ ನಂಬರಿನಿಂದ ‘ಮೀಟಿಂಗ್‌ನಲ್ಲಿದ್ದೇನೆ, ಐದು ಕಾರ್ಡ್ ತಗೊಂಡು ಕೋಡ್ ಕಳಿಸು’ ಎಂದು ವಾಟ್ಸ್‌ಆ್ಯಪ್ ಬಂದರೆ, ಸಾಹೇಬರ ಹಳೆಯ ನಂಬರಿಗೆ ಒಂದು ಕಾಲ್ ಮಾಡಿದರೆ ಸಾಕು, ಬಣ್ಣ ಬಯಲು. ಕಳ್ಳರು ಯುಪಿಐ ಬಿಟ್ಟು ಕಾರ್ಡೇ ಕೇಳುವುದಕ್ಕೆ ಕಾರಣವಿದೆ: ಯುಪಿಐ ಹಣ ಸಾಮಾನ್ಯವಾಗಿ ಬ್ಯಾಂಕ್ ಖಾತೆಗೇ ಹೋಗುತ್ತದೆ, ಪೊಲೀಸರು ಅದನ್ನು ತಡೆಹಿಡಿಸಬಹುದು, ಕೋಡ್‌ಗೆ ಅಂಥ ವಿಳಾಸವಿಲ್ಲ. ಅಂಗಡಿಯ ಕಾರ್ಡಾದರೆ ಕೋಡ್ ಮುಚ್ಚಿದ ಬೆಳ್ಳಿ ಪಟ್ಟಿ ಉಗುರಿನಿಂದ ತಡವಿ ನೋಡಿ. ಮೇಲೊಂದು ಸ್ಟಿಕ್ಕರ್ ಅಂಟಿದ್ದರೆ ಕೋಡ್ ಆಗಲೇ ಯಾರೋ ಬರೆದುಕೊಂಡಿರಬಹುದು.

ಬಿಲ್ ಮಾತ್ರ ಎಸೆಯಬೇಡಿ. ಅಸಲಿ ಕೋಡ್‌ಗೂ ಒಮ್ಮೊಮ್ಮೆ ಗೂಗಲ್ ‘ಇನ್ನಷ್ಟು ಮಾಹಿತಿ ಬೇಕು’ ಎಂದು ರಸೀದಿಯ ಚಿತ್ರ ಕೇಳುತ್ತದೆ. ಮೋಸವಾಗಿದ್ದರೆ ಅದೇ ರಸೀದಿ, ಕಾರ್ಡಿನ ಫೋಟೊ, ಯುಪಿಐನ 12 ಅಂಕಿಯ ಯುಟಿಆರ್ (ವಹಿವಾಟಿನ ಸಂಖ್ಯೆ) ಹಿಡಿದು ಮೊದಲು ಕಾರ್ಡ್ ಕಂಪನಿಗೆ ಹೇಳಿ ಕೋಡ್ ತಡೆಯಲು ಕೇಳಿ, ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಾಯಚೂರಾಗಲಿ ಬಳ್ಳಾರಿಯಾಗಲಿ, ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ಕೇಳುವುದು ಈ ಮೂರನ್ನೇ.