ಸರ್ಟಿಫಿಕೇಟ್ ಬಂತು, ಪಾಯಿಂಟ್ ಬರಲಿಲ್ಲ: ಸಿಆರ್‌ಇ ಹೆಸರಿನ ಕೋರ್ಸ್‌ಗಳ ಬಗ್ಗೆ ಎಚ್ಚರ

ಎರಡು ದಿನದ ಆನ್‌ಲೈನ್ ಕಾರ್ಯಾಗಾರ, ವಿಷಯ ಟ್ರಾಮಾ ಥೆರಪಿ, ಶುಲ್ಕ 4,500 ರೂಪಾಯಿ. ಪೋಸ್ಟರಿನ ಮೂಲೆಯಲ್ಲಿ ‘ಆರ್‌ಸಿಐ ಮಾನ್ಯ, 12 ಸಿಆರ್‌ಇ ಪಾಯಿಂಟ್’. ಸಿಆರ್‌ಇ ಅಂದರೆ ನಿರಂತರ ಪುನರ್ವಸತಿ ಶಿಕ್ಷಣ, ನೋಂದಣಿ ನವೀಕರಿಸಲು ಕೂಡಿಸಬೇಕಾದ ಪಾಯಿಂಟ್ ಇದು. ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಇದನ್ನು ನಂಬಿ ದುಡ್ಡು ಕಟ್ಟಿದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಗೆ ಸಿಕ್ಕಿದ್ದು ಬಣ್ಣಬಣ್ಣದ ಪಿಡಿಎಫ್ ಒಂದೇ. ನೋಂದಣಿ ನವೀಕರಿಸಲು ಹೋದಾಗ ಆ ಪಾಯಿಂಟುಗಳು ಲೆಕ್ಕಕ್ಕೇ ಬರಲಿಲ್ಲ. ಸಂಘಟಕರನ್ನು ಕೇಳಿದರೆ ಮಂಜೂರಾತಿ ಪತ್ರ ಕಳಿಸಿದರು. ಪತ್ರವೇನೋ ಅಸಲಿ. ವಿಷಯ ಮಾತ್ರ ಬೇರೆ, ದಿನಾಂಕ ಹಿಂದಿನ ವರ್ಷದ್ದು.

ಕ್ಲಿನಿಕಲ್ ಸೈಕಾಲಜಿಸ್ಟ್ ಮುಂತಾದವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಸಿಆರ್‌ಇ ಮಂಜೂರಾತಿಯನ್ನು ಒಂದೊಂದು ಕಾರ್ಯಕ್ರಮಕ್ಕೂ ಪ್ರತ್ಯೇಕವಾಗಿ ಕೊಡುತ್ತದೆ. ಸಂಸ್ಥೆಗೆ ಒಮ್ಮೆ ಸಿಕ್ಕ ಪತ್ರ ಮುಂದಿನ ಎಲ್ಲ ಕಾರ್ಯಾಗಾರಕ್ಕೂ ನಡೆಯುವುದಿಲ್ಲ. ಪೋಸ್ಟರಿನಲ್ಲಿ ಲೋಗೋ ನೋಡಿ ಸುಮ್ಮನಾಗಬೇಡಿ. ಪತ್ರ ತರಿಸಿಕೊಂಡು ಕಾರ್ಯಕ್ರಮದ ಶೀರ್ಷಿಕೆ, ದಿನಾಂಕ, ಸಂಘಟಕರ ಹೆಸರು, ಆನ್‌ಲೈನೋ ಮುಖಾಮುಖಿಯೋ ಎಂಬುದು ಪೋಸ್ಟರಿನೊಂದಿಗೆ ಅಕ್ಷರಶಃ ತಾಳೆಯಾಗುತ್ತದೆಯೇ ನೋಡಿ. ‘ಮಂಜೂರಾತಿಗೆ ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತೆ’ ಅಂದರೆ ಬಂದ ಮೇಲೆ ಕಟ್ಟುತ್ತೇನೆ ಅನ್ನಿ.

ಇನ್ನೂ ಸುಲಭದ ಗುರುತೊಂದಿದೆ. ಆ ಕಾರ್ಯಾಗಾರದ ಗೂಗಲ್ ಫಾರ್ಮ್‌ನಲ್ಲಿ ಹೆಸರು, ಮೊಬೈಲ್, ಇಮೇಲ್, ‘ಸರ್ಟಿಫಿಕೇಟ್ ಮೇಲೆ ಹೆಸರು ಹೇಗಿರಬೇಕು’ ಎಂಬ ನಾಲ್ಕೇ ಖಾನೆಗಳಿದ್ದವು. ಸಿಆರ್‌ಆರ್ ನಂಬರಿಗೆ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆಗೆ, ಜಾಗವೇ ಇರಲಿಲ್ಲ. ಕೇಂದ್ರೀಯ ಪುನರ್ವಸತಿ ರಿಜಿಸ್ಟರಿನಲ್ಲಿ ಇರುವವರಿಗೆ ಮಾತ್ರ ಸಲ್ಲುವ ಪಾಯಿಂಟನ್ನು ಆ ನಂಬರ್ ಕೇಳದೆ ಯಾರ ಖಾತೆಗೆ ಹಾಕುತ್ತಾರೆ? ಹಾಜರಿಯ ಕಥೆಯೂ ಅಷ್ಟೇ. ಕ್ಯಾಮೆರಾ ಆಫ್, ಕೊನೆಯ ಹತ್ತು ನಿಮಿಷದಲ್ಲಿ ಫೀಡ್‌ಬ್ಯಾಕ್ ಲಿಂಕ್, ತುಂಬಿದವರಿಗೆಲ್ಲ ಸರ್ಟಿಫಿಕೇಟ್. ಲಿಂಕನ್ನು ಪಕ್ಕದ ಮನೆಯವರಿಗೆ ಕಳಿಸಿದ್ದರೆ ಅವರಿಗೂ ಒಂದು ಬರುತ್ತಿತ್ತು.

ಇಂಥವರ ಕೈಗೆ ಸಿಗುವುದು ಹೆಚ್ಚಾಗಿ ಕೊನೇ ಗಳಿಗೆಯಲ್ಲಿ ಓಡಾಡುವವರು. ಐದು ವರ್ಷಕ್ಕೆ 100 ಪಾಯಿಂಟ್ ಅಂದರೆ ವರ್ಷಕ್ಕೆ 20. ನಾಲ್ಕು ವರ್ಷ ಮರೆತು ಕೂತರೆ ಸಿಕ್ಕಿದ್ದಕ್ಕೆಲ್ಲ ದುಡ್ಡು ಸುರಿಯಬೇಕಾಗುತ್ತದೆ. ಇನ್ನು, ಎಂಎಸ್‌ಡಬ್ಲ್ಯೂ ಅಥವಾ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿ ಸಿಆರ್‌ಆರ್ ನಂಬರ್ ಇಲ್ಲದೆ ಕೆಲಸ ಮಾಡುತ್ತಿರುವವರು ಕಲಿಯುವ ಆಸೆಯಿದ್ದರೆ ಸೇರಿ, ಪಾಯಿಂಟಿನ ಹೆಸರಲ್ಲಿ ಹೆಚ್ಚುವರಿ ಶುಲ್ಕ ಕೊಡಬೇಡಿ. ಮನೋವೈದ್ಯರದು ವೈದ್ಯಕೀಯ ಪರಿಷತ್ತಿನ ಸಿಎಂಇ (ನಿರಂತರ ವೈದ್ಯಕೀಯ ಶಿಕ್ಷಣ) ಕ್ರೆಡಿಟ್, ಅದರ ಖಾತೆಯೇ ಬೇರೆ.

ಈಗ ಲೋಗೋಗಳ ಜಾತ್ರೆ. ‘ಎಪಿಎ ಅನುಮೋದಿತ ಕೋರ್ಸ್’ ಎಂದು ಕಂಡರೆ ಅಲ್ಲೇ ನಿಲ್ಲಿ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅನುಮೋದಿಸುವುದು ಕೋರ್ಸ್ ನಡೆಸುವ ಸಂಸ್ಥೆಯನ್ನು, ಬಿಡಿ ಕೋರ್ಸನ್ನಲ್ಲ. ನಿಜವಾದ ಅನುಮೋದನೆ ಇದ್ದರೂ ಆ ಕ್ರೆಡಿಟ್ ಉಪಯೋಗಕ್ಕೆ ಬರುವುದು ಅಮೆರಿಕದಲ್ಲಿ ಲೈಸೆನ್ಸ್ ಇಟ್ಟುಕೊಂಡವರಿಗೆ. ಅಲ್ಲಿರುವ ನಮ್ಮ ಕನ್ನಡದವರು ಬೇಕಿದ್ದರೆ ತಗೊಳ್ಳಲಿ. ‘ಯುಕೆ ಸಿಪಿಡಿ’ (ನಿರಂತರ ವೃತ್ತಿ ಬೆಳವಣಿಗೆ) ಮುದ್ರೆ ಒತ್ತುವವರು ಖಾಸಗಿ ಕಂಪನಿಗಳು. ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞರನ್ನು ನೋಂದಾಯಿಸುವ ಎಚ್‌ಸಿಪಿಸಿ ಸಿಪಿಡಿಗೆ ಇಂತಿಷ್ಟು ಗಂಟೆ ಅಂತ ಕೂಡ ಹೇಳುವುದಿಲ್ಲ. ಐಎಸ್‌ಒ 9001 ಇರುವುದು ಆಡಳಿತದ ಕ್ರಮಕ್ಕೆ, ಪಾಠದ ಗುಣಮಟ್ಟಕ್ಕಲ್ಲ. ಉದ್ಯಮ್ ನೋಂದಣಿ ಸ್ವಯಂಘೋಷಣೆಯ ಮೇಲೆ ಪುಕ್ಕಟೆ ಸಿಗುತ್ತದೆ, ಹಪ್ಪಳ ಮಾಡುವ ಘಟಕಕ್ಕೂ ಇರುತ್ತದೆ. ‘ನೀತಿ ಆಯೋಗ ನೋಂದಾಯಿತ’ ಎಂದರೆ ಬಹುತೇಕ ದರ್ಪಣ್ ಪೋರ್ಟಲಿನಲ್ಲಿ ಎನ್‌ಜಿಒಗೆ ಸಿಕ್ಕ ಒಂದು ಐಡಿ, ಅಷ್ಟೇ.

ಪಾಯಿಂಟ್ ಹೋದರೆ ಹೋಗಲಿ, ಕಲಿಕೆಯಾದರೂ ಆಯಿತೇ? ಆ ಎರಡು ದಿನದಲ್ಲಿ ‘ಇಎಂಡಿಆರ್ ಸರ್ಟಿಫೈಡ್ ಥೆರಪಿಸ್ಟ್’ ಮಾಡುತ್ತೇವೆ ಅಂದಿದ್ದರು. ಇಎಂಡಿಆರ್ ಅಂದರೆ ಕಣ್ಣಿನ ಚಲನೆಯ ನೆರವಿನಿಂದ ಆಘಾತದ ನೆನಪಿಗೆ ಕೊಡುವ ಚಿಕಿತ್ಸೆ. ಇಎಂಡಿಆರ್ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಪ್ರಕಾರ ಮೂಲ ತರಬೇತಿಗೇ 20 ಗಂಟೆ ಪಾಠ, 20 ಗಂಟೆ ಮೇಲ್ವಿಚಾರಣೆಯ ಅಭ್ಯಾಸ, 10 ಗಂಟೆ ಕನ್ಸಲ್ಟೇಶನ್ ಬೇಕು. ಸರ್ಟಿಫಿಕೇಶನ್ ಅದರ ಮುಂದಿನ ಮೆಟ್ಟಿಲು. ದಿನಕ್ಕೆ ಆರು ಗಂಟೆಯಂತೆ 12 ಗಂಟೆಯಲ್ಲಿ ಪಾಠದ ಪಾಲೂ ಮುಗಿಯುವುದಿಲ್ಲ. ಅರ್ಧ ಕಲಿತವರು ಕ್ಲೈಂಟಿನ ಆಘಾತದ ನೆನಪನ್ನು ಕೆದಕಿ, ಸ್ಥಿಮಿತಕ್ಕೆ ತರುವ ಹಂತ ಬಿಟ್ಟು ಸೆಷನ್ ಮುಗಿಸಿದರೆ ಆ ಕ್ಲೈಂಟ್ ಅದೇ ನೆನಪನ್ನು ಹೊತ್ತು ಮನೆಗೆ ಹೋಗುತ್ತಾರೆ. ದುಡ್ಡು ಕಟ್ಟುವ ಮೊದಲೇ ಕೇಳಿ: ಕಲಿಸುವವರಿಗೆ ತರಬೇತಿ ಕೊಟ್ಟವರು ಯಾರು, ಅಭ್ಯಾಸ ನೋಡಿ ತಿದ್ದುವವರು ಯಾರು, ಒಬ್ಬ ಮೇಲ್ವಿಚಾರಕರಿಗೆ ಎಷ್ಟು ಜನ? ಆ ಜೂಮ್‌ನಲ್ಲಿ 180 ಜನರಿದ್ದರು.

‘ಯಾರು ಬೇಕಾದರೂ ಸೇರಬಹುದು’ ಎನ್ನುವ ಐಕ್ಯೂ ಟೆಸ್ಟಿಂಗ್ ಕೋರ್ಸ್‌ಗಳಂತೂ ಬೇಡವೇ ಬೇಡ. ಟೆಸ್ಟ್ ಮ್ಯಾನುಯಲ್ಲನ್ನು ಸ್ಕ್ಯಾನ್ ಮಾಡಿ ಗುಂಪಿಗೆ ಹಾಕುತ್ತಾರೆ. ಪ್ರಶ್ನೆ ಹೊರಬಿದ್ದ ಮೇಲೆ ಆ ಟೆಸ್ಟಿನ ಅಂಕಕ್ಕೆ ಅರ್ಥವಿರುವುದಿಲ್ಲ. ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವವರಿಗೆ 1992ರ ಆರ್‌ಸಿಐ ಕಾಯ್ದೆಯ 13ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ವಾರಾಂತ್ಯದ ಸರ್ಟಿಫಿಕೇಟ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆಗಲೇ ಕಟ್ಟಿದ್ದೀರಾದರೆ ಪೋಸ್ಟರ್, ಚಾಟ್, ಯುಪಿಐ ವಿವರದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಗಲಾಟೆ ಶುರುವಾದ ಕೂಡಲೇ ಅಡ್ಮಿನ್ ಪೋಸ್ಟರ್ ಅಳಿಸಿ ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ, ಮೇಲೆ ಹೇಳಿದವರಿಗೆ ಆಗಿದ್ದೂ ಅದೇ. ಮಂಜೂರಾತಿ ಪತ್ರದ ಪ್ರತಿ ಕೇಳಿ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಸೇವೆಯ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದುಡ್ಡು ತಗೊಂಡು ನಂಬರೇ ಬಂದ್ ಮಾಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಂಜೂರಾತಿಯ ಹೆಸರು ದುರ್ಬಳಕೆಯಾಗಿದ್ದರೆ ಪೋಸ್ಟರ್ ಸಮೇತ ಆರ್‌ಸಿಐಗೇ ಬರೆಯಿರಿ.