ಅಡುಗೆಮನೆ ಕಪಾಟಿಗೆ ಹೊಸ ಬಾಗಿಲು ಹಾಕಿಸುವ ಮುಂಚೆ ಒಳಗಿನ ಹಲಗೆ ಯಾವುದೆಂದು ಕೇಳಿ

ಮಂಗಳೂರಿನ ನಮ್ಮ ಮನೆಯ ಅಡುಗೆಕೋಣೆ ಕಪಾಟುಗಳಿಗೆ ಹದಿನಾರು ವರ್ಷ ಆಗಿತ್ತು. ಪೆಟ್ಟಿಗೆಗಳು ಗಟ್ಟಿಯಾಗಿದ್ದವು. ಬಾಗಿಲ ಮೇಲಿನ ಸನ್‌ಮೈಕಾ ಮಾತ್ರ ಬಣ್ಣಗೆಟ್ಟು, ಒಲೆಯ ಪಕ್ಕ ಎಣ್ಣೆಜಿಡ್ಡು ಹಿಡಿದು ಹಳದಿಯಾಗಿತ್ತು. ಎಲ್ಲವನ್ನೂ ಕಿತ್ತುಹಾಕುವುದು ಬೇಡ, ಬಾಗಿಲಷ್ಟೇ ಬದಲಾಯಿಸೋಣ ಎಂದುಕೊಂಡೆವು.

ಅಂಗಡಿಯವರು ತೋರಿಸಿದ್ದು ಮೆಂಬ್ರೇನ್ ಶಟರ್. ಎಂಡಿಎಫ್ ಹಲಗೆಯಲ್ಲಿ ಬೇಕಾದ ಡಿಸೈನ್ ಕೊರೆದು, ಅದರ ಮೇಲೆ ತೆಳ್ಳನೆಯ ಪಿವಿಸಿ ಹಾಳೆಯನ್ನು ಬಿಸಿಮಾಡಿ, ಗಾಳಿ ಎಳೆದು ಅಂಟಿಸಿರುತ್ತಾರೆ. ಮುಂಭಾಗಕ್ಕೂ ನಾಲ್ಕು ಅಂಚಿಗೂ ಒಂದೇ ಹಾಳೆ, ಎಲ್ಲೂ ಜೋಡಣೆಯ ಗೆರೆ ಕಾಣುವುದಿಲ್ಲ. ನೋಡಲು ಬಹಳ ಚೆಂದ. "ನೀರು ಒಳಗೆ ಹೋಗಲಿಕ್ಕೆ ದಾರಿಯೇ ಇಲ್ಲ" ಎಂದರು. ಹದಿನೇಳು ಬಾಗಿಲು, 68,000 ರೂಪಾಯಿ. ಜನವರಿಯಲ್ಲಿ ಕೂರಿಸಿ ಹೋದರು.

ದಾರಿ ಇತ್ತು. ಹಿಂಜ್‌ಗಾಗಿ ಬಾಗಿಲ ಹಿಂದೆ 35 ಮಿ.ಮೀ. ಅಗಲದ ಕುಳಿ ಕೊರೆಯುತ್ತಾರಲ್ಲ, ಅಲ್ಲಿ ಎಂಡಿಎಫ್ ಬರಿಮೈಯಲ್ಲೇ ಇರುತ್ತದೆ. ಹಿಂಬದಿಯಲ್ಲಿ ಪಿವಿಸಿ ಹಾಳೆ ಮುಗಿಯುವ ಗೆರೆಯೂ ಹಾಗೆಯೇ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಸಾಮಾನ್ಯ ದರ್ಜೆಯದ್ದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಆಗಸ್ಟ್ ಹೊತ್ತಿಗೆ ಸಿಂಕಿನ ಕೆಳಗಿನ ಬಾಗಿಲು ನೆಲಕ್ಕೆ ತಾಗತೊಡಗಿತು. ಅಳೆದು ನೋಡಿದೆ: 18 ಮಿ.ಮೀ. ಹಲಗೆಯ ಕೆಳಅಂಚು 22 ಆಗಿತ್ತು. ಒಂದು ಬೆಳಿಗ್ಗೆ ಅದೇ ಬಾಗಿಲು ತೆಗೆಯುವಾಗ ಹಿಂಜ್ ಸ್ಕ್ರೂ ಸಮೇತ ಕೈಗೇ ಬಂತು. ಕುಳಿಗೆ ಬೆರಳು ಹಾಕಿದರೆ ನೆನೆದ ಅವಲಕ್ಕಿಯ ಹಾಗೆ ಮೆತ್ತಗೆ. ಒಲೆಯ ಪಕ್ಕದ ಕತೆ ಬೇರೆ. ನಮ್ಮದು ಕುಚ್ಚಲಕ್ಕಿ ಅನ್ನ, ದಿನಾ ಮುಕ್ಕಾಲು ಗಂಟೆ ಬೇಯುತ್ತದೆ. ಆ ಬಿಸಿಗೆ, ಆ ಆವಿಗೆ ಅಂಟು ಸಡಿಲವಾಗಿ ಪಿವಿಸಿ ಹಾಳೆ ಮೂಲೆಯಿಂದ ಸುರುಳಿ ಬಿಚ್ಚಿಕೊಂಡಿತು. ಅಂಗಡಿಗೆ ಫೋನ್ ಮಾಡಿದರೆ, ನೀರು ಮತ್ತು ಶಾಖದ ಹಾನಿಗೆ ವಾರಂಟಿ ಇಲ್ಲವಂತೆ. ಅಡುಗೆಮನೆಯ ಬಾಗಿಲಿಗೆ ಬೇರೆ ಯಾವ ಹಾನಿ ಬರುತ್ತದೆ ಹೇಳಿ?

ಕೊನೆಗೆ ಪರಿಚಯದ ಬಡಗಿಯೊಬ್ಬರನ್ನು ಕರೆಸಿದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಹಳೇ ಬಾಗಿಲು ಎಲ್ಲುಂಟು?" ಗುಜರಿಗೆ ಕೊಟ್ಟಾಗಿತ್ತು. ಒಳ್ಳೆಯ ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್), ಸುತ್ತ ತೇಗದ ಪಟ್ಟಿ. ಅಪ್ಪ ಎದುರು ನಿಂತು ಮಾಡಿಸಿದ್ದವು. ಹಳೇ ಸನ್‌ಮೈಕಾ ಕೆರೆದು, ಮೈ ಉಜ್ಜಿ, ಹೊಸ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿದ್ದರೆ ಸಾಕಿತ್ತು ಎಂದರು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನಿಮ್ಮ ಹಳೇ ಬಾಗಿಲು ಹೊರಗೆ ಹಾಕುವ ಮುನ್ನ ಅಂಚು ಸ್ವಲ್ಪ ಕೆರೆದು, ಒಳಗಿರುವುದು ಏನೆಂದು ನೋಡಿ. ಪದರ ಬಿಡದ ಪ್ಲೈ ಆಗಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಹೊಸದೇ ಬೇಕಾದರೆ ಸಿಂಕ್ ಮತ್ತು ಒಲೆಯ ಸುತ್ತಲಿಗಾದರೂ ಐಎಸ್ 710, ಅಂದರೆ ಮರೈನ್ ಪ್ಲೈಗಿರುವ ಭಾರತೀಯ ಮಾನಕದ ಮುದ್ರೆಯ ಪ್ಲೈ ಹಾಕಿಸಿ. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆಯ ಪ್ಲೈಯನ್ನೇ 'ವಾಟರ್‌ಪ್ರೂಫ್' ಎಂದು ಮಾರುವವರಿದ್ದಾರೆ, ನಂಬಬೇಡಿ. ಅದು ಗಾಳಿಯ ತೇವ ತಡೆದೀತು, ನೀರನ್ನು ತಡೆಯದು. ಮುದ್ರೆ ಹಲಗೆಯ ಮೇಲೆಯೇ ಇರುತ್ತದೆ, ಕೊಯ್ಯುವ ಮೊದಲೇ ನೋಡಿ. ಲ್ಯಾಮಿನೇಟ್ ಎರಡೂ ಬದಿಗೆ ಬೇಕು. ಒಂದೇ ಬದಿಗೆ ಹಾಕಿದರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಹಿಂಜ್ ಕುಳಿಗೆ, ಕೊಯ್ದ ಪ್ರತಿ ಅಂಚಿಗೆ ಸೀಲರ್ ಹಚ್ಚಿಸಿ. ಮಲಗುವ ಕೋಣೆಯ ಬೀರುವಿಗೆ ಎಂಡಿಎಫ್ ಆದೀತು, ಅದಕ್ಕೆ ನನ್ನ ತಕರಾರಿಲ್ಲ.

ಇನ್ನೊಂದು: ಅಂಗಡಿಯಲ್ಲಿ ಬಣ್ಣದ ಕಾರ್ಡ್ ಜೊತೆಗೆ ಹಲಗೆಯ ಒಂದು ತುಂಡನ್ನೂ ಕೇಳಿ ತನ್ನಿ. ದಪ್ಪ ಅಳೆದು, ಒಂದು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಮತ್ತೆ ಅಳೆಯಿರಿ. ಆಮೇಲೆ ಹಲಗೆಯ ಹೆಸರು, ದರ್ಜೆ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ಇದ್ದದ್ದು 'ಶಟರ್ – 17' ಎಂದಷ್ಟೇ.